ಅಜ್ಜಿಯ ಗುಣಗಾನ

ಒಂದಾನೊಂದು ಊರಿನಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕತೆಯ ರಾಜಕುಮಾರರಿಗೆ ಇಂಥ ಗುಣವಿದ್ದರೆ ಅರ್ಧ ರಾಜ್ಯ ಸಿಗುತ್ತದೆ. ಇವನಿಗೆ ಸಿಕ್ಕಿದ್ದು ಅಜ್ಜಿ.

ಆದದ್ದಿಷ್ಟೇ. ತಿಂಗಳ ಹಿಂದೆ ಅವನು ತಾನು ಓಡಿಸುತ್ತಿದ್ದ ಹೊಸ ಲಾರಿಯ ಬ್ರೇಕ್ ಹಿಡಿಯುತ್ತಿಲ್ಲವೆಂದು ಶೆಡ್ಡಿನ ರಿಜಿಸ್ಟರಿನಲ್ಲಿ ಬರೆದು, ‘ಸರಿಮಾಡುವ ತನಕ ಓಡಿಸುವುದಿಲ್ಲ’ ಎಂದು ಸಹಿ ಹಾಕಿದ್ದ. ತಪಾಸಣೆಗೆ ಬಂದವರು ಸರಿಯಾಗಿ ಆ ಪುಟವನ್ನೇ ತೆರೆದರು. ಬ್ರೇಕ್ ಸರಿಹೋಯಿತು, ಮಾಲೀಕರ ಮುಖ ಕೆಟ್ಟಿತು. ಮಾರನೆಯ ದಿನದಿಂದ ಹೊಸ ಲಾರಿ ಬೇರೆಯವನಿಗೆ. ಇವನಿಗೆ ಮೂಲೆಯಲ್ಲಿ ನಿಂತಿದ್ದ ಹಳೇ ಲಾರಿ, ಎಲ್ಲರ ಬಾಯಲ್ಲಿ ‘ಅಜ್ಜಿ’.

ಅಜ್ಜಿಯ ಬ್ರೇಕ್ ಗಟ್ಟಿಮುಟ್ಟಾಗಿತ್ತು. ಉಳಿದದ್ದೆಲ್ಲ ವಯೋಸಹಜ. ಬಾಗಿಲಿಗೆ ಹಗ್ಗ ಕಟ್ಟಬೇಕು. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಬಡಿದುಕೊಳ್ಳುತ್ತದೆ. ಸೀಟಿನ ಸ್ಪ್ರಿಂಗೊಂದು ಪ್ರತಿ ಗುಂಡಿಯಲ್ಲೂ ಎದ್ದು, ಹೇಳಬಾರದ ಜಾಗದಲ್ಲಿ ಕ್ಷೇಮ ವಿಚಾರಿಸುತ್ತದೆ. ಊಟವನ್ನೂ ನಿಂತೇ ಮಾಡುವ ಗಂಡನನ್ನು ಹೆಂಡತಿ ತಿಂಗಳಿಡೀ ನೋಡಿದಳು.

“ರೀ, ನನ್ನ ತಮ್ಮ ತಾನಿರೋ ಕಡೆನೇ ನಿಮಗೆ ಡ್ರೈವರ್ ಕೆಲಸ ನೋಡಿದಾನೆ. ನಾಳೆ ಬೆಳಿಗ್ಗೆನೇ ಸೇರ್ಕೋಬೇಕಂತೆ. ಇವತ್ತು ಕತ್ತಲಾಗೋದ್ರೊಳಗೆ ರಾಜೀನಾಮೆ ಮಾಲೀಕರ ಕೈಗೇ ಕೊಟ್ಟು ಬನ್ನಿ.”

“ಕೊಡ್ದೆ ಮನೆಗೆ ಬರಲ್ಲ ಕಣೇ” ಎಂದು ಮಾತು ಕೊಟ್ಟು, ಕಾಗದ ಜೇಬಿಗಿಳಿಸಿ ಹೊರಟ.

ಗೇಟಿನ ಕಾವಲುಗಾರ ಅದನ್ನು ಎಳೆದುಕೊಂಡು ಓದಿದ. “ಇದೇನಣ್ಣ, ಮದುವೆಗೆ ಕರೆದಂಗಿದೆ! ಸ್ವಲ್ಪ ಖಾರ ಹಾಕು.” ‘ಕಿರುಕುಳ’ ಎಂಬ ಮಾತು ಸೇರಿತು. ಒಳಗೆ ಗುಮಾಸ್ತ ಕನ್ನಡಕ ಏರಿಸಿ, “ಖಾರ ಜಾಸ್ತಿ ಆಯ್ತು. ನಾಳೆ ದಾರೀಲಿ ಸಿಕ್ರೆ ಮುಖ ನೋಡ್ಬೇಕಲ್ಲಪ್ಪ” ಎಂದು ಅದನ್ನು ಹೊಡೆದುಹಾಕಿ ‘ತಮ್ಮ ಪ್ರೀತಿಯ’ ಎಂದು ಬರೆಸಿದ. ಮೆಕ್ಯಾನಿಕ್ ಗ್ರೀಸು ಮೆತ್ತಿದ ಕೈಯಲ್ಲೇ ಮೂಲೆ ಹಿಡಿದು, “ಭೇಷ್!” ಎಂದು ಹಿಂತಿರುಗಿಸಿದ. ಮಾಲೀಕರ ಮೇಜು ತಲುಪುವ ಹೊತ್ತಿಗೆ ಕಾಗದಕ್ಕೂ ಅಜ್ಜಿಯಷ್ಟೇ ವಯಸ್ಸಾಗಿತ್ತು.

ಮಾಲೀಕರು ಅದನ್ನು ಮುಟ್ಟಲಿಲ್ಲ. “ಮೊದಲು ಅಜ್ಜೀನ ತೊಳಿ.” ತೊಳೆದ. “ಟೈರ್ ಸಂದೀಲಿರೋ ಕಲ್ಲೆಲ್ಲ ತೆಗಿ.” ಅಕ್ಕಿ ಆರಿಸುವವರಂತೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತೆಗೆದ. ಮಧ್ಯಾಹ್ನ ದಾಟಿತು.

“ಇನ್ನೊಂದೇ ಕೆಲಸ. ಲಾರಿ ತೂಕ ಹಾಕೋ ವೇಬ್ರಿಡ್ಜ್ ಹತ್ರ ಅಜ್ಜೀನ ಕೊಂಡ್ಕೊಳ್ಳೋರು ಒಬ್ರು ನೋಡೋಕೆ ಬರ್ತಾರೆ. ಅವರು ಒಪ್ಪಿ ಸಹಿ ಹಾಕಿದ್ರೆ ನಿನ್ನ ಕಾಗದ ತಗೋತೀನಿ. ಇಲ್ಲಾಂದ್ರೆ ನಾಳೆನೂ ಕಲ್ಲು ತೆಗಿ.”

ಹಾರ್ನ್ ಊರನ್ನೆಲ್ಲ ಸೇರಿಸಬಾರದೆಂದು ಪ್ರತಿ ಎಡ ತಿರುವಿಗೂ ಬದಲಾಗಿ ಮೂರು ಬಲ ತಿರುವು ಹಾಕುತ್ತ, ಅವನು ಊರಿಗೇ ಪ್ರದಕ್ಷಿಣೆ ಹಾಕಿದವನಂತೆ ವೇಬ್ರಿಡ್ಜ್ ಮುಟ್ಟಿದ. ಅಲ್ಲಿ ಟೋಪಿ ಹಾಕಿದ ದಪ್ಪ ಮನುಷ್ಯರೊಬ್ಬರು ಕಾದಿದ್ದರು.

“ನಾನು ಗಾಡಿ ನೋಡಲ್ಲಪ್ಪ, ಓಡಿಸೋನ ಮುಖ ನೋಡ್ತೀನಿ. ಬ್ರೇಕ್ ಹೆಂಗೆ?”

“ಕಲ್ಲಿನಂಗೆ ನಿಲ್ಲುತ್ತೆ ಸಾರ್.” ನಿಜ.

“ಹಾರ್ನ್?”

“ಕೇಳೋದೇ ಬೇಡ, ತಾನೇ ಬಾರಿಸುತ್ತೆ.” ಅದೂ ನಿಜ.

“ಸೀಟು?”

ಡ್ರೈವರನ ಕಿವಿ ಕಾದವು. ಬಾಗಿಲಲ್ಲಿ ನಿಂತ ಹೆಂಡತಿ ಕಣ್ಮುಂದೆ ಬಂದಳು. ಹುಟ್ಟಿದಂದಿನಿಂದ ಕೂಡಿಟ್ಟಿದ್ದ ಸುಳ್ಳು ಅಂದು ಒಮ್ಮೆಗೇ ಹೊರಬಿತ್ತು.

“ಹೂವಿನ ಹಾಸಿಗೆ ಸಾರ್! ಇಳಿಯೋಕೇ ಮನಸ್ಸು ಬರಲ್ಲ.”

ಟೋಪಿಯವರು ಅವನ ಬೆನ್ನು ತಟ್ಟಿ ಸಹಿ ಹಾಕಿದರು. ಇವನು ಅಜ್ಜಿಯನ್ನು ಅವರಿಗೊಪ್ಪಿಸಿ, ಹಗುರಾಗಿ ನಡೆದೇ ಶೆಡ್ಡಿಗೆ ಬಂದ.

ಮಾಲೀಕರು ಸಹಿ ನೋಡಿ ಕೈಚಾಚಿದರು. “ಕೊಡು ನಿನ್ನ ಕಾಗದ. ಅಜ್ಜಿ ಹೋದ್ಲು, ಉಳಿದಿರೋದೆಲ್ಲ ಹೊಸ ಗಾಡಿ. ನೀನಿದ್ದಿದ್ರೆ ವಿಧಿಯಿಲ್ದೆ ಒಂದು ಕೊಡ್ಬೇಕಾಗಿತ್ತು. ಸದ್ಯ, ಬಿಟ್ಟೆಯಲ್ಲ!”

ಕಾಗದದ ಒಂದು ಮೂಲೆ ಅವರ ಕೈಯಲ್ಲಿ, ಗ್ರೀಸಿನ ಮೂಲೆ ಇವನ ಕೈಯಲ್ಲಿ. ಆಗ ಇವನ ಜೇಬಿನ ಫೋನು ಹೊಡೆದುಕೊಂಡಿತು. ಭಾಮೈದನ ದನಿ ಶೆಡ್ಡಿಗೆಲ್ಲ ಕೇಳಿಸಿತು.

“ಭಾವಾ, ಖುಷಿ ಸುದ್ದಿ! ನಿಮಗೇ ಅಂತ ನಮ್ಮ ಸಾಹುಕಾರ್ರು ಇವತ್ತು ವೇಬ್ರಿಡ್ಜ್ ಹತ್ರ ಒಂದು ಲಾರಿ ತಗೊಂಡ್ರು. ಸೀಟು ಹೂವಿನ ಹಾಸಿಗೆ ಅಂತೆ, ಅದನ್ನ ತಂದ ಡ್ರೈವರೇ ಹೇಳಿದ್ನಂತೆ!”

ಡ್ರೈವರ್ ಕಾಗದವನ್ನು ಹಿಂದಕ್ಕೆಳೆದ. ಮುಖವೆಲ್ಲ ಅರಳಿಸಿಕೊಂಡು ಮಾಲೀಕರು ಮುಂದಕ್ಕೆಳೆದರು. ಗ್ರೀಸಿನ ಮೂಲೆ ಇವನ ಬೆರಳಿಂದ ಜಾರಿತು.

ಹೊರಗೆ ಇನ್ನೂ ಬಿಸಿಲಿತ್ತು. ಹೆಂಡತಿಗೆ ಕೊಟ್ಟ ಮಾತಿನಂತೆ, ಕತ್ತಲಾಗುವುದರೊಳಗೆ ರಾಜೀನಾಮೆ ಮಾಲೀಕರ ಕೈ ಸೇರಿತು.