ಲಿನಕ್ಸ್ ಹಾಕಿದ ಶ್ರಾದ್ಧದ ಬೋರ್ಡು

ಸೋನಾರ್‌ಪುರದ ಪುರೋಹಿತರಲ್ಲಿ ಕಂಪ್ಯೂಟರಿಗೂ ಜನಿವಾರ ಹಾಕಬಲ್ಲವನು ನಾನೊಬ್ಬನೇ! ಹೀಗೆಂದು ಘೋಷಿಸಿ, ಮಗಳು ಮೈತ್ರೇಯಿ ಚಿಕ್ಕಂದಿನಲ್ಲಿ ಆಡಿ ಬಿಟ್ಟಿದ್ದ ಮಕ್ಕಳ ಟ್ಯಾಬ್ಲೆಟ್ಟನ್ನು ಅಟ್ಟದಿಂದ ಇಳಿಸಿದೆ. ಒಳಗಿದ್ದ ಆನೆ, ಮೊಲಗಳನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದೆ. ಕನ್ನಡನಾಡಿನಿಂದ ಉತ್ತರದ ಈ ಕ್ಷೇತ್ರಕ್ಕೆ ಶ್ರಾದ್ಧ ಮಾಡಿಸಲು ನಮ್ಮಲ್ಲಿಗೆ ಬರುವ ಯಾತ್ರಿಕರ ಹೆಸರು ತೋರಿಸುವ ಪ್ರೋಗ್ರಾಮನ್ನೂ ನಾನೇ ಬರೆದೆ. ಯಾರೂ ಒತ್ತಿ ಕೆಡಿಸದಂತೆ ಪರದೆಯ ಟಚ್ಚು, ಪವರ್ ಗುಂಡಿ ಎರಡನ್ನೂ ಕೆಲಸ ಮಾಡದಂತೆ ಮಾಡಿ, ಮುಂದಿನ ಕೋಣೆಯ ಗೋಡೆಗೆ ಸ್ಕ್ರೂ ಬಿಗಿದೆ. ಇನ್ನು ಬ್ರಹ್ಮ ಬಂದರೂ ಅಲ್ಲಾಡಿಸಲಾರ!

ಹೆಂಡತಿ ವಸುಮತಿ ಬಂದು ಓದಿದಳು.

"ರೀ, ಇವತ್ತು ಬರೋ ಚಂದ್ರಮೌಳೇಶ್ವರರು ಬದುಕಿದಾರೆ ತಾನೆ?"

"ಈಗಷ್ಟೇ ಫೋನ್ ಮಾಡಿದ್ರು. ಆಟೋದಲ್ಲಿದಾರೆ. ಯಾಕೆ?"

"ಮತ್ತೆ ಇಲ್ಯಾಕೆ ಸತ್ತಿದಾರೆ?"

ನೋಡಿದೆ. 'ಕರ್ತೃ: ಕಾಶೀನಾಥ. ದಿವಂಗತ: ಚಂದ್ರಮೌಳೇಶ್ವರ.' ಹೆಸರುಗಳು ಅದಲುಬದಲಾಗಿದ್ದವು. ಅಪ್ಪ ಕಾಶೀನಾಥರ ಶ್ರಾದ್ಧ ಮಾಡಲು ಬರುತ್ತಿದ್ದ ಮಗನಿಗೆ ನನ್ನ ಪ್ರೋಗ್ರಾಮು ಅಪ್ಪನ ಕೈಯಿಂದಲೇ ಪಿಂಡ ಹಾಕಿಸುತ್ತಿತ್ತು!

"ಅವರಿಗೆ ಹೃದಯದ ಆಪರೇಷನ್ ಆಗಿದೆಯಂತೆ. ಗಾಬರಿಪಡಿಸಬೇಡಿ ಅಂತ ಅವರ ಹೆಂಡತಿ ಹೇಳಿದ್ರಲ್ರೀ!"

"ನೀನು ಗಾಬರಿಯಾಗ್ಬೇಡ. ವೈಫೈ ಇದೆ, ಫೋನಿಂದಲೇ ತಿದ್ತೀನಿ."

"ಪಾಪಾ, ಲೈಟ್ ಚಲೀ ಗಯೀ!" ಒಳಗಿಂದ ಮೈತ್ರೇಯಿ ಕೂಗಿದಳು.

ಕರೆಂಟಿನ ಜೊತೆ ವೈಫೈಯೂ ಹೋಯಿತು. ಬ್ಯಾಟರಿ ತುಂಬಿದ್ದ ಟ್ಯಾಬ್ಲೆಟ್ ಮಾತ್ರ ಕತ್ತಲಾದ ಕೋಣೆಯಲ್ಲಿ ಮೊದಲಿಗಿಂತಲೂ ಚೆನ್ನಾಗಿ ಬೆಳಗಿತು!

"ಸ್ಕ್ರೂ ಬಿಚ್ಚಿ ಬೇಗ!"

"ಸ್ಕ್ರೂ ತಿರುಗಿಸೋ ಪೇಚ್‌ಕಸ್ ಪಕ್ಕದ ಮನೆಯವರದು ಕಣೇ. ವಾಪಸ್ ಕೊಟ್ಟೆ. ಅವರು ಬೀಗ ಹಾಕ್ಕೊಂಡು ಹೋದ್ರು."

ಹೊರಗೆ ಆಟೋ ನಿಂತ ಸದ್ದಾಯಿತು. ವಸುಮತಿ ನನ್ನ ಹೆಗಲ ಮೇಲಿದ್ದ ಟವೆಲನ್ನು ಕಿತ್ತು ಪರದೆಯ ಮೇಲೆ ಹೊದಿಸಿದಳು.

ಚಂದ್ರಮೌಳೇಶ್ವರರು ಹೆಂಡತಿ ಸರಸ್ವತಮ್ಮನ ಜೊತೆ ಬಂದವರೇ ಸೀದಾ ಅದರ ಕೆಳಗೇ ಕುಳಿತರು! ಫ್ಯಾನಿಲ್ಲ. ನಾನು ಬೀಸಣಿಗೆ ತೆಗೆದುಕೊಂಡು ರಥಕ್ಕೆ ಚಾಮರ ಹಾಕುವವನಂತೆ ಬೀಸಿದೆ. ಆದರೂ ಅವರ ಮುಖದಲ್ಲಿ ಬೆವರು ಇಳಿಯಿತು. "ಉಸ್ಸಪ್ಪಾ, ಏನು ಸೆಖೆ!" ಎನ್ನುತ್ತ ಕೈಯೆತ್ತಿ ಟವೆಲ್ ಎಳೆದುಕೊಂಡು ಮುಖ ಒರೆಸಿಕೊಂಡರು.

"ಅಯ್ಯೋ ಶಿವನೇ!" ಸರಸ್ವತಮ್ಮ ಚೀರಿದರು.

ಚಂದ್ರಮೌಳೇಶ್ವರರು ತಿರುಗಿದರು. ನಿಧಾನವಾಗಿ ಕನ್ನಡಕ ಏರಿಸಿ ಓದಿದರು. ಈಗ ಆಪರೇಷನ್ ಬೇಕಾಗಿದ್ದದ್ದು ನನ್ನ ಹೃದಯಕ್ಕೆ!

"ಭಟ್ರೇ, ನಾನು ದಿವಂಗತನೋ?"

"ತಪ್ಪಾಯ್ತು, ಕ್ಷಮಿಸಬೇಕು, ಲಿನಕ್ಸಿನಲ್ಲಿ..."

"ಅದಿರ್ಲಿ. ಶ್ರಾದ್ಧ ಮುಗಿಯೋವರೆಗೂ ಉಪವಾಸ ಇರ್ಬೇಕಾದೋನು ಕರ್ತೃ ತಾನೆ?"

"ಹೌದು."

"ನಾನೀಗ ಪಿತೃ. ವಡೆ ವಾಸನೆ ಘಮಘಮ ಬರ್ತಿದೆ. ಮೊದಲು ನನಗೆ ಎಲೆ ಹಾಕಿ!"

ವಡೆ ಕರಿಯುತ್ತಿದ್ದ ವಸುಮತಿಯ ಉತ್ತರ ಅಡುಗೆಮನೆಯಿಂದ ಬಂತು:

"ಶ್ರಾದ್ಧ ಮುಗಿದ ತಕ್ಷಣ ಮೊದಲನೇ ಎಲೆ ನಿಮಗೇ ಹಾಕ್ತೀನಿ ರಾಯರೇ. ಇವತ್ತು ರಾತ್ರಿವರೆಗೂ ಉಪವಾಸ ನಮ್ಮ ಯಜಮಾನರದು!"