ಪ್ಯೋ ತೇಗುನ್ ಬರೆಯುತ್ತಿದ್ದಾನೆ, ಸದ್ದು ಮಾಡಬೇಡಿ

ಪ್ಯೋ ತೇಗುನ್‌ಗೆ ಲೋಕದ ಮೇಲಿದ್ದ ದೊಡ್ಡ ದೂರೆಂದರೆ, ಮಹಾಕಾದಂಬರಿಕಾರನಾಗಲು ಹುಟ್ಟಿದ ತನ್ನನ್ನು ಅದು ವಾರವಿಡೀ ಸುನ್‌ಚನ್ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೂರಿಸಿ, ಜನರ ನಲ್ಲಿ ಪುರಾಣ ಕೇಳಿಸುತ್ತಿದೆಯಲ್ಲ ಎಂಬುದು. ಸಾಹಿತ್ಯಕ್ಕೆ ಉಳಿಯುತ್ತಿದ್ದದ್ದು ಶನಿವಾರ, ಭಾನುವಾರ ಮಾತ್ರ. ಆಗ ಅವನು ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡನೆಂದರೆ ಮನೆಮಂದಿ ಸೀನು ಬಂದರೂ ಬೀದಿಗೆ ಹೋಗಿ ಸೀನಿ ಬರಬೇಕು.

ಅವನು ಬರೆಯುತ್ತಿದ್ದದ್ದು ಸಾಯುತ್ತಿರುವ ತಾಯಿಯನ್ನು ಮಗನೊಬ್ಬ ಹಗಲಿರುಳು ಕಾಯುವ ಕಥೆ. ಓದಿದವರು ಎದೆ ಒಡೆದು ಅತ್ತು, ತಂತಮ್ಮ ತಾಯಂದಿರಿಗೆ ಫೋನು ಹಚ್ಚಬೇಕು, ಅಂಥದ್ದು. ಯೋಜನೆಗೇನೂ ಕೊರತೆಯಿರಲಿಲ್ಲ. ಗೋಡೆಯ ತುಂಬ ಬಣ್ಣದ ಚೀಟಿಗಳು: ನೀಲಿ ದುಃಖಕ್ಕೆ, ಹಳದಿ ಮಹಾದುಃಖಕ್ಕೆ, ಗುಲಾಬಿ ನರ್ಸಮ್ಮನಿಗೆ. (ಗುಲಾಬಿಯೇ ಯಾಕೆ ಇಷ್ಟೊಂದು ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಕಥೆಯ ಅಗತ್ಯ ಎಂದಿದ್ದ.) ಪೆನ್ಸಿಲು ಚೂಪು ಮಾಡಿ, ಬಾರ್ಲಿ ಚಹಾ ಕುಡಿದು, ಒಂದು ಚೀಟಿ ಕಿತ್ತು ಬೇರೆ ಕಡೆ ಅಂಟಿಸಿ, ಹಿಂದೆ ಸರಿದು ನೋಡಿ, ಮತ್ತೆ ಮೊದಲಿದ್ದಲ್ಲೇ ಅಂಟಿಸುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಕುಟುಂಬದ ಸಹಕಾರವಂತೂ ಬೇರೆ ಲೇಖಕರು ಹೊಟ್ಟೆ ಉರಿದುಕೊಳ್ಳುವಷ್ಟಿತ್ತು. ಅನ್ನದ ಕುಕ್ಕರು "ಅನ್ನ ಆಗಿದೆ, ಚೆನ್ನಾಗಿ ಕಲಕಿ" ಎಂದು ಹೆಣ್ಣುದನಿಯಲ್ಲಿ ಸಾರುವ ಮೊದಲೇ ಹೆಂಡತಿ ಯಂಗ್ನಾನ್ ಅದಕ್ಕೆ ರಜಾಯಿ ಹೊದಿಸುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ಬೊರಾಮ್ ತಲೆಗೂದಲು ಒಣಗಿಸಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಚಳಿಗಾಲಕ್ಕೆ ಬೇಕಾದ ಕಿಮ್ಚಿ ಉಪ್ಪಿನಕಾಯಿ ಹಾಕುವ ಗದ್ದಲವನ್ನು ಅವನ ಅಕ್ಕನ ಮನೆಗೆ ಸಾಗಿಸಿದ್ದರು. ಇನ್ನು ಅವನ ತಾಯಿ ಸಂಬುನ್, ಬಿಸಿನೀರಿನ ಸ್ನಾನ, ಗೆಳತಿಯರ ಮನೆ ಎಂದು ಸೊಸೆಯನ್ನು ಜೊತೆಗಿಟ್ಟುಕೊಂಡು ದಿನಗಟ್ಟಲೆ ಹೊರಗೇ ಇದ್ದುಬಿಡುತ್ತಿದ್ದಳು. ಬೇಸಿಗೆಯಲ್ಲೂ ಮುದುಕಿ ನೇರಳೆ ಬಣ್ಣದ ಉಣ್ಣೆ ಟೋಪಿ ಹಾಕಿಕೊಂಡು ಊಟಕ್ಕೆ ಕೂತದ್ದನ್ನು ತೇಗುನ್ ನೋಡಿದ್ದ. "ಚೆನ್ನಾಗಿದೆ ಅಮ್ಮ, ವಯಸ್ಸೇ ಕಾಣಲ್ಲ" ಎಂದು ಹೊಗಳಿ, ಮಹಾದುಃಖಕ್ಕೆ ಹೊತ್ತಾಯಿತೆಂದು ಎದ್ದು ಹೋಗಿದ್ದ.

ಹೀಗೆ ಸಾಗಿದ ಕಾದಂಬರಿ ಕೊನೆಯ ಅಧ್ಯಾಯದ ಹೊತ್ತಿಗೆ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಒಳಗೆ ಏನಿರುತ್ತದೆಂದು ಲೇಖಕನಿಗೆ ಗೊತ್ತಿರಲಿಲ್ಲ. ಸಂಶೋಧನೆ ಎಂಬ ಘನವಾದ ಹೆಸರಿಟ್ಟು, ಕಚೇರಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ ಗ್ವಾಂಗ್ಜುವಿನ ಬಸ್ಸು ಹತ್ತಿದ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರಿನವರಿಗೆ ಔಷಧಿ ಹನಿಸುವ ಕೋಣೆಯೊಂದಿತ್ತು. ಅದರ ಬಾಗಿಲ ಹೊರಗಿನ ಬೆಂಚಿನ ಮೇಲೆ, ಯಾರಿಗೋ ಕಾಯುತ್ತಿರುವವನಂತೆ ಕೂತ.

ಒಳಗೆ ಕಿಟಕಿಯ ಕಡೆಗೆ ಮುಖ ಮಾಡಿದ್ದ ಒಬ್ಬ ಮುದುಕಿ ಅವನ ಕಣ್ಣಿಗೆ ಬಿದ್ದಳು. ಅದೆಂಥ ಪಾತ್ರ. ಕಡ್ಡಿಯಂಥ ಕುತ್ತಿಗೆ, ಸೂಜಿ ಚುಚ್ಚಿಸಿಕೊಂಡ ಕೈ, ಹಸಿರು ನರ. ತೇಗುನ್ ಸರಸರನೆ ಬರೆದುಕೊಳ್ಳತೊಡಗಿದ. 'ಪಾಪ, ಇವಳ ಮಗ ಎಲ್ಲಿದ್ದಾನೋ' ಎಂದೂ ಬರೆದ. 'ತಲೆಯ ಮೇಲೆ ನೇರಳೆ ಟೋಪಿ' ಎಂದು ಬರೆಯುವಾಗ ಪೆನ್ಸಿಲು ನಿಂತಿತು. ಮುದುಕಿ ಇತ್ತ ತಿರುಗಿದಳು. ಪಕ್ಕದಲ್ಲಿ ಯಂಗ್ನಾನ್ ಕಿತ್ತಳೆ ಸುಲಿಯುತ್ತಿದ್ದಳು.

"ಇವತ್ತು ಆಫೀಸಿಲ್ವೇನೋ?" ಎಂದಳು ತಾಯಿ.

ಅವನು ಎದ್ದು ಬಾಗಿಲು ಹಿಡಿದುಕೊಂಡ. "ಯಾವಾಗಿಂದ ಅಮ್ಮ?"

"ಹೋದ ಚಳಿಗಾಲದಿಂದ. ಆಪರೇಷನ್ನೂ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಅತ್ತೇನೇ ಬೇಡ ಅಂದ್ರು," ಎಂದಳು ಯಂಗ್ನಾನ್. "ನೀವಾಗ ಕಥೆಯ ತಾಯಿಗೆ ಜ್ವರ ಬರಿಸ್ತಾ ಇದ್ರಿ."

ತೇಗುನ್ ಒಳಗೆ ಬಂದು ತಾಯಿಯ ಹಾಸಿಗೆಯ ಪಕ್ಕ ಕುಸಿದು ಹೋ ಎಂದು ಅಳತೊಡಗಿದ. ಸುತ್ತಲ ಹಾಸಿಗೆಗಳಿಂದ ತಲೆಗಳು ಎದ್ದವು. ತಾಯಿ ಒಂದು ತೊಳೆ ಕಿತ್ತಳೆಯನ್ನು ಅವನ ತೆರೆದ ಬಾಯಿಗೆ ಇಟ್ಟಳು. "ಅಳೋದಾದ್ರೆ ಕೆಳಗೆ ಹೋಗಿ ಅಳು ಮಗಾ. ಇಲ್ಲಿ ಕಾಯಿಲೆಯವರಿದಾರೆ."

ಮನೆಗೆ ಬಂದವನೇ ಗೋಡೆಯ ದುಃಖವನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದ. ಇನ್ನು ಮಾತೃಸೇವೆಯೇ ಸಾಹಿತ್ಯ ಎಂದು ಸಾರಿದ. ಯಂಗ್ನಾನ್ ಬೇಡವೆಂದರೂ ಕೇಳದೆ ಸಮುದ್ರದ ಚಿಪ್ಪುಮಾಂಸದ ಗಂಜಿ ಕಾಯಿಸಿ ತಳ ಹಿಡಿಸಿದ. ಸೀದ ವಾಸನೆಗೆ ತಾಯಿ ಅವತ್ತಿಡೀ ವಾಂತಿ ಮಾಡಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿದು ಎಬ್ಬಿಸುತ್ತಿದ್ದ. ಎಚ್ಚರವಿದ್ದಾಗ, "ನೋವು ಹೇಗಿದೆ ಅಮ್ಮ, ಚುಚ್ಚುತ್ತಾ, ಉರಿಯುತ್ತಾ?" ಎಂದು ಕೇಳಿ ತಾನೇ ಕಣ್ಣೊರೆಸಿಕೊಳ್ಳುತ್ತಿದ್ದ.

ಮುಂದಿನ ಸಲ ಔಷಧಿ ಹಾಕಿಸಲು ತಾನೇ ಕರೆದುಕೊಂಡು ಹೋದ. ನರ ಸಿಗದೆ ನರ್ಸು ಎರಡನೇ ಸಲ ಸೂಜಿ ಚುಚ್ಚಿದಾಗ ಆ ಸುಪುತ್ರನ ಕಣ್ಣಿಗೆ ಕತ್ತಲು ಕವಿಯಿತು. ಎಚ್ಚರವಾದಾಗ ಅವನು ತಾಯಿಯ ಹಾಸಿಗೆಯಲ್ಲಿ ಅಂಗಾತ ಮಲಗಿದ್ದ. ತಾಯಿ ಒಂದು ಕೈಯಲ್ಲಿ ಔಷಧಿ ಬಾಟಲಿಯ ಕಂಬ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಅವನಿಗೆ ಗಾಳಿ ಬೀಸುತ್ತಿದ್ದಳು. ಅವಳ ಕಾಲು ನಡುಗುತ್ತಿತ್ತು.

ಮನೆಗೆ ಬಂದ ಮೇಲೆ ತಾಯಿ ಅವನನ್ನು ಹತ್ತಿರ ಕರೆದಳು. "ಶನಿವಾರದಿಂದ ನೀನು ಬರಿಯೋಕ್ ಕೂತ್ಕೋ."

"ಬೇಡಮ್ಮ. ನಿನಗಿಂತ ಕಾದಂಬರಿ ದೊಡ್ಡದಲ್ಲ."

"ಕಾದಂಬರಿ ಯಾರಿಗೆ ಬೇಕಾಗಿದೆಯೋ?"

ಅವನಿಗೆ ಅರ್ಥವಾಗಲಿಲ್ಲ. ಯಂಗ್ನಾನ್ ಬಟ್ಟೆ ಮಡಚುತ್ತ, ತಲೆ ಎತ್ತದೆ ಹೇಳಿದಳು. "ಮಾವ ಕಾಯಿಲೆ ಬಿದ್ದು ಮಲಗಿದಾಗ ನೀವು ಅವರ ಪಕ್ಕ ಬಿಟ್ಟೇಳದೆ ಅಳ್ತಾ ಕೂತಿದ್ರಿ. ನಿಮ್ಮನ್ನ ಸಮಾಧಾನ ಮಾಡೋದ್ರಲ್ಲೇ ಅವರ ಕೊನೇ ದಿನಗಳೆಲ್ಲ ಕಳೆದುಹೋದ್ವು. ಆಮೇಲೆ ನೀವು ಕಾದಂಬರಿ ಹಿಡಿದ್ರಿ. ನಮಗೂ ಉಸಿರು ಬಂತು."

"ಹಾಗಾದ್ರೆ ಇಷ್ಟು ದಿನ ಸದ್ದು ಮಾಡದೆ ಇದ್ದದ್ದು..."

"ನೀವು ಹೊರಗೆ ಬರದೆ ಇರ್ಲಿ ಅಂತ."

ಬಾಗಿಲ ಬಳಿ ಬೊರಾಮ್ ನಗು ತಡೆದು ಕೆಮ್ಮಿದಳು. ತೇಗುನ್‌ಗೆ ಅಳು ಉಕ್ಕಿ ಬರುತ್ತಿತ್ತು. ಆದರೆ ಅತ್ತರೆ ಅವರು ಹೇಳಿದ್ದೇ ನಿಜವಾಗುತ್ತದೆ. ನುಂಗಿಕೊಂಡು ಎದ್ದು ಹಿಂದಿನ ಕೋಣೆಯ ಕಡೆ ಹೊರಟ.

"ನಿಲ್ಲು," ಎಂದಳು ತಾಯಿ. "ಆ ಕಥೇಲಿ ತಾಯಿ ಸಾಯ್ತಾಳಾ?"

ಅವನು ತಿರುಗಿ ನಿಂತ. "ಕೊನೇ ಅಧ್ಯಾಯದಲ್ಲಿ."

"ಎಷ್ಟು ಬಾಕಿ ಇದೆ?"

"ಅದೊಂದೇ."

ಮುದುಕಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಸೊಸೆಯ ಮುಖ ನೋಡಿದಳು. ಆಮೇಲೆ ಮಗನ ಮುಖ.

"ಆತುರ ಮಾಡಬೇಡ ಮಗಾ, ನಿಧಾನಕ್ಕೆ ಬರಿ," ಎಂದಳು. "ಬಾಗಿಲು ಎಳ್ಕೊಂಡು ಹೋಗು."