ನಿಮ್ಮಮ್ಮನ ಹಲ್ಲಿನ ಕ್ಲಿಪ್ಪು ನಾಲ್ಕು ವರ್ಷ ಉಳಿದದ್ದು

ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೂ ಪಕ್ಕದವರು ಹೇಳಲಿ ಎಂದು ಕಾಯುತ್ತೇನೆ. ಇಂಥವಳು ಓದಿದ ಡಾಕ್ಟರಿಗೇ ಸುಳ್ಳು ಹೇಳಿದ್ದೇನೆ ಎಂದರೆ ಮಕ್ಕಳೇ, ನೀವು ನಂಬುವುದಿಲ್ಲ. ನನಗೇ ಇನ್ನೂ ನಂಬಿಕೆ ಬಂದಿಲ್ಲ.

ಎಂಬತ್ತರ ಈಚಿನ ಮಾತು. ನಿಮ್ಮಮ್ಮ ಪದ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಳು, ಮುಂದಿನ ಹಲ್ಲು ಉಬ್ಬಿದ್ದವು. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಸುಗಟೂರಿನ ಮನೆಯಲ್ಲಿ ನನ್ನ ಅತ್ತೆಯ ಮಾತೇ ಮಾತು. ಅವರು ಮುಳಬಾಗಿಲಿನಲ್ಲಿ ಒಂದು ಗಂಡು ನೋಡಿಟ್ಟಿದ್ದರು. "ಮೊದ್ಲು ಹಲ್ಲು ಸರಿ ಮಾಡ್ಸು. ಕ್ಲಿಪ್ಪು ತೆಗೆದ ತಿಂಗ್ಳೇ ಮದ್ವೆ. ಬಾಯ್ತುಂಬ ತಂತಿ ಇಟ್ಕೊಂಡು ಹಸೆಮಣೆ ಮೇಲೆ ಕೂರ್ಸಕ್ಕಾಗಲ್ಲ," ಎಂದರು. ಪದ್ಮನಿಗೆ ಓದಿ ಟೀಚರಾಗುವ ಆಸೆ. ನನಗೆ ಹೇಳಿದ್ದಳು, ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಬೆಂಗಳೂರಿನ ಹಲ್ಲಿನ ಡಾಕ್ಟರು ತಿಂಗಳಿಗೊಮ್ಮೆ ಕೋಲಾರಕ್ಕೆ ಬರುತ್ತಿದ್ದರು. "ಚಿಕ್ಕ ವಯಸ್ಸು, ಒಂದೂವರೆ ವರ್ಷ ಸಾಕು. ಆದ್ರೆ ತಿಂಗಳು ತಪ್ಪಿಸ್ಬೇಡಿ, ಗಟ್ಟಿ ಪದಾರ್ಥ ಕೊಡ್ಬೇಡಿ. ತಂತಿ ಕಿತ್ತು ಬಂದಷ್ಟೂ ದಿನ ಜಾಸ್ತಿ," ಎಂದರು. ಒಂದೂವರೆ ವರ್ಷ ಎಂದರೆ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಹಲ್ಲು ನೆಟ್ಟಗೆ, ಹುಡುಗಿ ಮುಳಬಾಗಿಲಿಗೆ.

ಮೊದಲಿನ ತಪ್ಪುಗಳು ನಿಜವಾಗಿಯೂ ತಪ್ಪುಗಳೇ. ರೇಷ್ಮೆ ಹುಳು ಗೂಡು ಕಟ್ಟುವ ವಾರ ಮನೆ ಬಿಟ್ಟು ಹೋಗುವುದು ಹೇಗೆ? ಎರಡು ತಿಂಗಳು ತಪ್ಪಿದವು. ಆಮೇಲೆ ಹೋದಾಗಲೆಲ್ಲ ತಂತಿ ಕಿತ್ತಿರುತ್ತಿತ್ತು. ನನಗೆ ಗಾಬರಿ. ಮನೆಯಲ್ಲಿ ತಿನ್ನುವುದು ಮುದ್ದೆ. ಅದನ್ನು ನುಂಗುತ್ತೇವೆಯೇ ಹೊರತು ಅಗಿಯುವುದಿಲ್ಲ. ಒಂದು ದಿನ ಒಗೆಯಲು ಅವಳ ಲಂಗ ತೆಗೆದರೆ ಜೇಬಿನಲ್ಲಿ ಒಂದು ಹಿಡಿ ಹುರಿದ ಹುರುಳಿಕಾಳು.

"ಕ್ಲಿಪ್ಪಿರೋ ಬಾಯಲ್ಲಿ ಇದನ್ನ ಕಡೀತಾರೇನೇ?"

"ಅದಕ್ಕೇ ಕಡಿಯೋದು ಕಣಮ್ಮ," ಎಂದಳು ಪದ್ಮ, ಕಣ್ಣು ಮಿಟುಕಿಸದೆ. "ತಂತಿ ಇರೋವರ್ಗೂ ಸ್ಕೂಲು."

ಆ ವಯಸ್ಸಿನಲ್ಲಿ ನನಗೆ ಗಂಡಿನ ಹೆಸರು ಕೇಳುವ ಧೈರ್ಯವೂ ಇರಲಿಲ್ಲ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಕೋಲಾರದ ಬಸ್ಸಿನಲ್ಲಿ, ನನ್ನ ಕೈ ಚೀಲಕ್ಕೆ ಹೋಗಿ ನಾಲ್ಕು ಕೋಡುಬಳೆ ತೆಗೆದು ಅವಳ ಮಡಿಲಿಗೆ ಹಾಕಿತು. "ಹುರುಳಿ ಬೇಡ, ಹೊಟ್ಟೆ ಉಬ್ಬರಿಸುತ್ತೆ," ಎಂದೆ. ಅವಳು ದಂಗಾಗಿ ನನ್ನನ್ನೇ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

"ಇಂಥ ಬಾಯಿ ನಾನು ನೋಡೇ ಇಲ್ಲ. ಏನ್ ತಿನ್ನಿಸ್ತೀರಮ್ಮ?" ಎಂದರು ಡಾಕ್ಟರು.

"ಮುದ್ದೆ ಸ್ವಾಮಿ. ನಮ್ದು ರಾಗಿ ಮೂಳೆ, ಹಲ್ಲು ಬೇಗ ಕದಲಲ್ಲ," ಎಂದೆ. ಅವರು ತಲೆದೂಗಿದರು. ಮುಂದಿನ ತಿಂಗಳು ಮಾಲೂರಿನ ಒಬ್ಬ ತಾಯಿಗೆ, "ನಿಮ್ ಕಡೆ ಸ್ವಲ್ಪ ನಿಧಾನಾನೇ, ರಾಗಿ ಮೂಳೆ," ಎಂದು ಅವರೇ ಹೇಳುವುದು ಕೇಳಿಸಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮುಳಬಾಗಿಲಿನ ಗಂಡು ಎರಡು ವರ್ಷ ಕಾದು, ಶ್ರೀನಿವಾಸಪುರದ, ಹಲ್ಲು ಹುಟ್ಟಿನಿಂದಲೇ ನೆಟ್ಟಗಿದ್ದ ಹುಡುಗಿಯನ್ನು ಮದುವೆಯಾದ. ಅತ್ತೆ ಡಾಕ್ಟರನ್ನು ಬೈದರು. ಪದ್ಮ ಪಿಯುಸಿ ಮುಗಿಸಿ ಟೀಚರ್ ಟ್ರೈನಿಂಗಿಗೆ ಸೇರಿದಳು. ಆಮೇಲೆ ನಾಲ್ಕೇ ತಿಂಗಳಲ್ಲಿ ಹಲ್ಲು ಸರಿಯಾಗಿ ಕ್ಲಿಪ್ಪು ಬಿಚ್ಚಿದರು.

ಈಗ ನಿಮ್ಮಲ್ಲಿ ಚಿಕ್ಕವನ ಹಲ್ಲಿಗೂ ಕ್ಲಿಪ್ಪು ಬಿದ್ದಿದೆ. ಮೊನ್ನೆ ಅವನಿಗೊಂದು ಚಕ್ಕುಲಿ ಕೊಡಹೋದರೆ ಪದ್ಮ ಟೀಚರು ಕೈಯಿಂದ ಕಿತ್ತುಕೊಂಡು, "ಏನಮ್ಮ ನೀನು, ಮಕ್ಕಳ ಹಲ್ಲು ಅಂದ್ರೆ ನಿಂಗೆ ಸ್ವಲ್ಪಾನೂ ಜವಾಬ್ದಾರಿ ಇಲ್ವಾ?" ಎಂದು ಗದರಿಸಿದಳು.

ಏನೋ ಹೇಳಬೇಕೆಂದುಕೊಂಡೆ. ಪಕ್ಕದಲ್ಲಿ ಅಳಿಯಂದಿರು ಕೂತಿದ್ದರು. ನಾಲ್ಕು ಜನರ ಮುಂದೆ ನಾನು ಏನು ತಾನೇ ಹೇಳಲಿ?